ನಿಸರ್ಗದಲ್ಲಿ ಮದ್ದು ಹುಡುಕುವ ಪ್ರಯೋಗಾಲಯಗಳು ಇನ್ನೂ ಬೇಕೇ?

ಪರ

1950ರ ದಶಕದ ಆರಂಭದಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಫ್ಲಾರಿಡಾ ಕರಾವಳಿಯ ಒಂದು ಸಮುದ್ರ ಸ್ಪಂಜಿನಲ್ಲಿ ವಿಚಿತ್ರವಾದ ನ್ಯೂಕ್ಲಿಯೊಸೈಡುಗಳನ್ನು ಕಂಡರು. ನೋಡಲು ಡಿಎನ್‌ಎಯ ಘಟಕಗಳಂತೆಯೇ ಇದ್ದವು, ಆದರೆ ಒಳಗಿದ್ದ ಸಕ್ಕರೆ ಬೇರೆ: ಅರಾಬಿನೋಸ್. ಆ ಸುಳಿವು ಹಿಡಿದು ಹೊರಟವರು ಸೈಟರಬಿನ್ ತಯಾರಿಸಿದರು. ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಕೋಶ ಅದನ್ನು ತನ್ನದೇ ಸಾಮಗ್ರಿ ಎಂದು ನಂಬಿ ಡಿಎನ್‌ಎಗೆ ಸೇರಿಸಿಕೊಳ್ಳುತ್ತದೆ. ಅಲ್ಲಿಗೆ ಎಳೆ ಬೆಳೆಯುವುದು ನಿಲ್ಲುತ್ತದೆ. 1969ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಈ ಔಷಧಿಯನ್ನು ಬಿಟ್ಟು ತೀವ್ರ ಮೈಲಾಯ್ಡ್ ಲ್ಯುಕೇಮಿಯಾದ ಚಿಕಿತ್ಸೆ ಇವತ್ತಿಗೂ ಯೋಚಿಸುವುದು ಕಷ್ಟ. ಅದೇ ಅರಾಬಿನೋಸ್ ಇರುವ ವಿಡರಬಿನ್ ಹರ್ಪಿಸ್ ವೈರಾಣುವಿಗೂ ಇದೇ ಮೋಸ ಮಾಡಿತು. ಒಂದು ಸ್ಪಂಜು, ಎರಡು ಕಾಯಿಲೆ! ಕ್ಯಾನ್ಸರ್ ವಿಭಾಗ ಒಂದು ಮಹಡಿಯಲ್ಲಿ, ವೈರಾಣು ವಿಭಾಗ ಇನ್ನೊಂದರಲ್ಲಿ ಕೂತು ಪರಸ್ಪರ ಮುಖ ನೋಡದ ಸಂಸ್ಥೆಗಳು ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು.

ನಿತ್ಯಪುಷ್ಪದ ಕಥೆಯೂ ಹಾಗೇ. ಕೆನಡಾದಲ್ಲಿ ಅದರ ಎಲೆಯನ್ನು ಮಧುಮೇಹಕ್ಕೆಂದು ಇಲಿಗಳ ಮೇಲೆ ಪರೀಕ್ಷಿಸಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಆ ಗಿಡದಿಂದಲೇ ಬಂದ ವಿನ್‌ಕ್ರಿಸ್ಟಿನ್ 1963ರಿಂದ ಲ್ಯುಕೇಮಿಯಾ ಪೀಡಿತ ಮಕ್ಕಳನ್ನು ಉಳಿಸುವ ಔಷಧಿಗಳಲ್ಲೊಂದು. ಕೆಟ್ಟ ಜೀನ್ ಓದಿಯೇ ಮದ್ದು ಮಾಡಬೇಕು ಎನ್ನುವವರಿಗೆ ಒಂದು ಪ್ರಶ್ನೆ: ಯಾವ ಜೀನ್ ಓದಿ ಇದನ್ನು ಕಂಡುಹಿಡಿದರು? ಯಾವುದನ್ನೂ ಓದಿರಲಿಲ್ಲ.

2008ರಲ್ಲಿ ಲ್ಯುಕೇಮಿಯಾ ರೋಗಿಯೊಬ್ಬರ ಕ್ಯಾನ್ಸರ್ ಕೋಶದ ಇಡೀ ಜೀನೋಮ್ ಓದಿದರು. ಕ್ಯಾನ್ಸರಿನ ಜೀನೋಮನ್ನು ಪೂರ್ತಿ ಓದಿದ್ದು ಅದೇ ಮೊದಲು. ಅಂದಿನಿಂದ ಮ್ಯುಟೇಷನ್‌ಗಳ, ಅಂದರೆ ಡಿಎನ್‌ಎಯಲ್ಲಾದ ಬದಲಾವಣೆಗಳ, ಪಟ್ಟಿ ಬೆಳೆಯುತ್ತಲೇ ಇದೆ. ಯಂತ್ರದ ಮುಂದೆ ಕೂತು ಎ, ಟಿ, ಜಿ, ಸಿ ಎಣಿಸುವವರಿಗೆ ಪಟ್ಟಿಯೇ ಔಷಧಿಯಂತೆ ಕಾಣುತ್ತದೇನೋ. ಎಫ್‌ಎಲ್‌ಟಿ3 ಎಂಬ ಜೀನ್ ಕೆಟ್ಟ ಲ್ಯುಕೇಮಿಯಾ ರೋಗಿಗಳಿಗೆ 2017ರಲ್ಲಿ ಮಿಡೊಸ್ಟಾರಿನ್ ಎಂಬ ಔಷಧಿ ಬಂತಲ್ಲ, ಅದರ ಮೂಲವಸ್ತು ಸ್ಟಾರೊಸ್ಪೊರಿನ್ ಜಪಾನಿನಲ್ಲಿ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು 1977ರಲ್ಲೇ. ಜೀನಿನ ಹೆಸರು ತಿಳಿಯುವ ಎಷ್ಟೋ ಮೊದಲು ಸರಕು ಸಿದ್ಧವಿತ್ತು.

ಕೆಟ್ಟ ಜೀನನ್ನು ನೋಡಿ ರೂಪಿಸಿದ ಲ್ಯುಕೇಮಿಯಾ ಮಾತ್ರೆ ಇಮ್ಯಾಟಿನಿಬ್‌ನ ಗುಣಗಾನವನ್ನು ಎದುರು ಪುಟದವರಿಗೆ ಬಿಡುತ್ತೇನೆ. ಆದರೆ ಅಂಥ ಮಾತ್ರೆಗಳು ಕೈಕೊಟ್ಟ ರೋಗಿಗಳಿಗೆಂದು 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಒಮಾಸೆಟಾಕ್ಸಿನ್ ಎಲ್ಲಿಯದು? ಸೆಫಲೊಟಾಕ್ಸಸ್ ಎಂಬ ಮರದ್ದು. ಬಹುಪಾಲು ಸಾರಗಳು ಪರೀಕ್ಷೆಯಲ್ಲಿ ಸೋಲುತ್ತವೆ ಎಂಬ ಹಳೆಯ ಆಕ್ಷೇಪಕ್ಕೆ ನನ್ನದೂ ಹಳೆಯದೇ ಉತ್ತರ: ಸ್ಪಂಜನ್ನು ನೋಡಿ.

ವಿರೋಧ

ಈ ಬದಿಯನ್ನು ಸಂಪಾದಕರು ಕೊಟ್ಟರು. ಜೀನ್ ಲ್ಯಾಬಿನಲ್ಲಿದ್ದೀರಲ್ಲ, ನೀವೇ ಬರೆಯಿರಿ ಎಂದರು. ನಿಸರ್ಗದ ಹುಡುಕಾಟ ಪೂರ್ತಿ ನಿಲ್ಲಬೇಕೆಂದು ನನಗೇನೂ ಅನ್ನಿಸುವುದಿಲ್ಲ. ಅದಕ್ಕೆ ಹಣ ಕಡಿತವಾದರೆ ಕಣ್ಣೀರೂ ಬರುವುದಿಲ್ಲ.

ವಾದ ಎಲ್ಲರಿಗೂ ಗೊತ್ತಿರುವುದೇ: ಮೊದಲು ಕೆಟ್ಟ ಜೀನ್ ಹುಡುಕು, ಆಮೇಲೆ ಅದಕ್ಕೆ ಮದ್ದು ಮಾಡು. 1960ರಲ್ಲಿ ನೊವೆಲ್ ಮತ್ತು ಹಂಗರ್‌ಫರ್ಡ್ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾದಲ್ಲಿ ಒಂದು ಪುಟ್ಟ ವರ್ಣತಂತುವನ್ನು ಕಂಡರು. ಅದು 9 ಮತ್ತು 22ನೇ ವರ್ಣತಂತುಗಳು ತುಂಡು ಅದಲುಬದಲು ಮಾಡಿಕೊಂಡದ್ದರ ಫಲ ಎಂದು 1973ರಲ್ಲಿ ಜ್ಯಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್ 2001ರಲ್ಲಿ ಬಂತು. ಈಗ ಬಹುತೇಕ ರೋಗಿಗಳು ದಿನಾ ಮಾತ್ರೆ ನುಂಗಿ ಬದುಕು ಸಾಗಿಸುತ್ತಾರೆ. ಸ್ಪಂಜು? ಅದು ನನ್ನ ಅಜ್ಜನ ಕಾಲದ ಮಾತು. ಕಂಡ ಎಲೆಯನ್ನೆಲ್ಲ ಅರೆದು ಕೋಶ ಬೆಳೆಸುವ ತಟ್ಟೆಗೆ ಸುರಿದರೆ ಕೋಶ ಸಾಯದೆ ಇನ್ನೇನು ಮಾಡೀತು? ಬ್ಲೀಚ್ ಸುರಿದರೂ ಸಾಯುತ್ತದೆ.

ನಮ್ಮ ಲ್ಯಾಬಿನ ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳಲೇಬೇಕು. ಒಂದು ತೊಗಟೆಯ ಸಾರವನ್ನು ಕೆ562 ಲ್ಯುಕೇಮಿಯಾ ಕೋಶಗಳಿಗೆ ಹಾಕಿದಳು, ಸತ್ತವು. ಕುತೂಹಲಕ್ಕೆ ಪಕ್ಕದ ಗುಂಪಿನವರು ವೈರಾಣುವಿನ ಪ್ರೋಟಿಯೇಸ್ ಕಿಣ್ವದ ಮೇಲೂ ಹಾಕಿದರು, ಅದೂ ನಿಂತಿತು. ಇಡೀ ಕಾರಿಡಾರಿಗೆ ಹಬ್ಬ. ಪೇಟೆಂಟಿನ ಮಾತು ಬಂತು, ಯಾರ ಹೆಸರು ಮೊದಲು ಬರಬೇಕೆಂಬ ಮುನಿಸೂ ಬಂತು. ಅಷ್ಟರಲ್ಲಿ ಯಾರೋ, ತೊಗಟೆ ಅಂದರೆ ಟ್ಯಾನಿನ್ ಇರುತ್ತದಲ್ಲವೇ, ತೆಗೆದು ನೋಡಿದ್ದೀರಾ ಎಂದರು. ಟ್ಯಾನಿನ್ ಎದುರು ಸಿಕ್ಕ ಪ್ರೋಟೀನಿಗೆಲ್ಲ ಅಂಟಿಕೊಳ್ಳುವ ವಸ್ತು; ಕ್ಯಾನ್ಸರ್, ವೈರಾಣು ಎಂಬ ಭೇದ ಅದಕ್ಕಿಲ್ಲ. ಪಾಲಿಅಮೈಡ್ ಕಾಲಮ್ಮಿನಲ್ಲಿ ಹಾಯಿಸಿ ಅದನ್ನು ತೆಗೆದ ಮೇಲೆ ಕೋಶಗಳು ಆರಾಮಾಗಿ ಬೆಳೆದವು, ಕಿಣ್ವವೂ ತನ್ನ ಕೆಲಸ ಮಾಡಿತು. ಬೆಟ್ಟ ಅಗೆದು ಇಲಿ ಹಿಡಿದರು ಅನ್ನೋಣವೆಂದರೆ ಇಲಿಯೂ ಸಿಗಲಿಲ್ಲ. ಆ ಹುಡುಗಿ ಈಗ ಬೇರೆ ಕಡೆ ಬ್ಯಾಕ್ಟೀರಿಯಾದ ಸಾರಗಳ ಮೇಲೇ ಕೆಲಸ ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ. ಇದು ನನ್ನ ಬದಿಗೆ ಅನುಕೂಲದ ಸಂಗತಿಯಲ್ಲ, ಇರಲಿ.

ಪರಾವಲಂಬಿ ಹುಳುಗಳಿಗೆ ಕೊಡುವ ಮದ್ದು ಐವರ್‌ಮೆಕ್ಟಿನ್ ನೆನಪಿದೆಯಲ್ಲ? ಅದರ ಮೂಲವೂ ಮಣ್ಣಿನ ಬ್ಯಾಕ್ಟೀರಿಯಾ. 2020ರಲ್ಲಿ ಅದು ತಟ್ಟೆಯಲ್ಲಿ ಕೊರೊನಾ ವೈರಾಣುವನ್ನು ತಡೆದದ್ದು ನಿಜ. ಆದರೆ ಅಲ್ಲಿ ಬಳಸಿದ ಸಾಂದ್ರತೆ ಮಾಮೂಲು ಡೋಸಿನಿಂದ ಮನುಷ್ಯನ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮುಂದೆ ನಡೆದ ದೊಡ್ಡ ಪ್ರಯೋಗಗಳಲ್ಲಿ ರೋಗಿಗಳಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಯಾವ ಪ್ರೋಟೀನನ್ನು ಹಿಡಿಯುತ್ತದೆ, ರಕ್ತದಲ್ಲಿ ಅಷ್ಟು ಪ್ರಮಾಣ ಮುಟ್ಟುತ್ತದೆಯೇ ಎಂಬ ಎರಡು ಲೆಕ್ಕ ಇಲ್ಲದ ಅರ್ಜಿಗೆ ಹಣ ಕೊಡಬಾರದು ಎನ್ನುವಷ್ಟಕ್ಕೆ ನಾನು ಧಾರಾಳವಾಗಿ ಸಹಿ ಹಾಕುತ್ತೇನೆ.