ಕೂಸು ಹುಟ್ಟುವ ಮುನ್ನ ಕೊಳವೆ

ಕಲ್ಲಿದ್ದಲು, ಗ್ಯಾಸಿನ ಬದಲು ಉರಿಸಬಹುದಾದ ಹೈಡ್ರೋಜನ್ ಅನಿಲವನ್ನು ಡೆನ್ಮಾರ್ಕಿನಿಂದ ಜರ್ಮನಿಗೆ ತರುವ ಪೈಪ್‌ಲೈನ್ 2028ಕ್ಕೆ ಸಿದ್ಧ ಅಂದಿದ್ದರು. ಆಮೇಲೆ 2031 ಅಂದರು. ಮೂರು ವರ್ಷ ತಡ ಅಂತ ಬೀದಿಗಿಳಿದು ಕೂಗಿದವರು ಯಾರೂ ಇಲ್ಲ. ಆ ಅನಿಲಕ್ಕಾಗಿ ಕಾದು ಕೂತವರು ಇದ್ದರೆ ತಾನೇ ಕೂಗೋದು?

ನೆರೆಹೊರೆ ಅಂದರೆ ಹೀಗಿರಬೇಕು. ಮೀನು ಹಿಡಿಯೋದಕ್ಕೂ ಜಗಳ ಆಡಿದ ಯುರೋಪಿನ ದೇಶಗಳು ಈಗ ಎಷ್ಟು ಅನ್ಯೋನ್ಯ ನೋಡಿ. ಇನ್ನೂ ತಯಾರಾಗದ ಅನಿಲವನ್ನು, ಇನ್ನೂ ಹೂಳದ ಕೊಳವೆಯಲ್ಲಿ, ಇನ್ನೂ ಸಿಗದ ಗಿರಾಕಿಗೆ ಕಳಿಸಲು ಸಾಲುಸಾಲಾಗಿ ಸಹಿ ಹಾಕುತ್ತಿವೆ.

ನಾರ್ವೆಯದ್ದೂ ಇದೇ ಕಥೆ. 2023ರ ಜನವರಿಯಲ್ಲಿ ಜರ್ಮನಿಯ ಆಗಿನ ಸಚಿವ ರಾಬರ್ಟ್ ಹಾಬೆಕ್ ಓಸ್ಲೋಗೆ ಹೋದರು, ಕೈ ಕುಲುಕಿದರು. ನಾರ್ವೆಯ ತೈಲ ಕಂಪನಿ ಈಕ್ವಿನಾರ್ ಉತ್ತರ ಸಮುದ್ರದಡಿ ಕೊಳವೆ ಹಾಕುವ ಮಾತಾಡಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅದೇ ಕಂಪನಿ ಯೋಜನೆ ಕೈಬಿಟ್ಟಿತು. ಯಾಕಂತೆ? ಖರ್ಚು ಜಾಸ್ತಿಯಂತೆ, ಕೊಳ್ಳುವವರು ಇಲ್ಲವಂತೆ. ಕೈ ಕುಲುಕುವ ಮೊದಲು ಇದನ್ನು ಕೇಳೋದು ಬಹುಶಃ ಅಸಭ್ಯತೆ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಬಣ್ಣದ ಜಗಳ. ಹೈಡ್ರೋಜನ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆದರೂ ಗಾಳಿ, ಬಿಸಿಲಿನ ಕರೆಂಟಿನಿಂದ ನೀರು ಒಡೆದು ತೆಗೆದರೆ ಅದು ಹಸಿರು. ನೈಸರ್ಗಿಕ ಅನಿಲದಿಂದ ತೆಗೆದರೆ ಬೂದು. ಆಗ ಬರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ನೆಲದೊಳಗೆ ಹೂತರೆ ನೀಲಿ. ಅಣುಸ್ಥಾವರದ ಕರೆಂಟಿನದ್ದಾದರೆ ಗುಲಾಬಿ. ಫ್ರಾನ್ಸಿನಲ್ಲಿ ಅಣುಸ್ಥಾವರ ಜಾಸ್ತಿ, ಅದಕ್ಕೆ ಗುಲಾಬಿಯೂ ಪರಿಸರಸ್ನೇಹಿ ಅನ್ನುವ ಲೆಕ್ಕಕ್ಕೆ ಬರಬೇಕು. ಸ್ಪೇನಿನಲ್ಲಿ ಬಿಸಿಲು ಜಾಸ್ತಿ, ಅದಕ್ಕೆ ಹಸಿರೇ ಆಗಬೇಕು. ಇಬ್ಬರದ್ದೂ ಪರಿಸರ ಪ್ರೇಮವೇ, ಅನುಮಾನ ಬೇಡ! ಕೊಳವೆಯೊಳಗೆ ಹೊಕ್ಕ ಹೈಡ್ರೋಜನ್‌ಗೆ ಮಾತ್ರ ತನ್ನ ಬಣ್ಣ ಗೊತ್ತಿಲ್ಲ, ಪಾಪ. ಕಾಗದಪತ್ರ ನೋಡಿಯೇ ಹೇಳಬೇಕು.

ಎರಡೂ ದೇಶಗಳ ನಡುವಿನ ಪಿರನೀಸ್ ಬೆಟ್ಟ ದಾಟಿಸಿ ಗ್ಯಾಸ್ ಪೈಪ್‌ಲೈನ್ ಹಾಕೋಣ ಅಂತ ಸ್ಪೇನ್ ಕೇಳಿದಾಗ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಸುತರಾಂ ಒಪ್ಪಿರಲಿಲ್ಲ. ಬೆಟ್ಟ ಬೇಡ, ಬಾರ್ಸಿಲೋನಾದಿಂದ ಮಾರ್ಸೇಗೆ ಸಮುದ್ರದಡಿ ಹೈಡ್ರೋಜನ್ ತರೋಣ ಅಂದಾಗ ಒಪ್ಪಿಬಿಟ್ಟರು. 2022ರ ಡಿಸೆಂಬರಿನಲ್ಲಿ ಅಲಿಕಾಂಟೆಯಲ್ಲಿ ಸ್ಪೇನ್, ಪೋರ್ಚುಗಲ್, ಫ್ರಾನ್ಸ್ ನಾಯಕರು ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡರು. ಅಂದಾಜು ವೆಚ್ಚ 250 ಕೋಟಿ ಯುರೋ, ಗುರಿ 2030. ಈಗ ಕೊಡಲು ಮನಸ್ಸಿಲ್ಲದಿದ್ದರೆ ಎಂಟು ವರ್ಷ ಬಿಟ್ಟು ಕೊಡುತ್ತೇನೆ ಅನ್ನಬೇಕು. ಸಂಬಂಧ ಕೆಡೋದಿಲ್ಲ.

ಲೆಕ್ಕ ಹೇಳಿದರೆ ಇವರಿಗೆಲ್ಲ ಕೋಪ ಬರುತ್ತದೆ. ಒಂದು ಕಿಲೋ ಹೈಡ್ರೋಜನ್ ತೆಗೆಯಲು 50 ಯೂನಿಟ್ಟಿಗೂ ಜಾಸ್ತಿ ಕರೆಂಟು ಬೇಕು. ಅದರಲ್ಲಿ ಉಳಿಯುವ ಶಕ್ತಿ ಸುಮಾರು 33 ಯೂನಿಟ್. ದ್ರವ ಮಾಡಿ ಹಡಗಿಗೆ ತುಂಬಬೇಕಾದರೆ ಮೈನಸ್ 253 ಡಿಗ್ರಿಗೆ ತಣ್ಣಗಾಗಿಸಬೇಕು, ಅದಕ್ಕೆ ಮತ್ತೆ ಕರೆಂಟು. ಹೀಗೆ ಸೋರಿ ಉಳಿದಿದ್ದನ್ನು ಉರಿಸಿ ಪುನಃ ಕರೆಂಟೇ ಮಾಡುತ್ತೇವೆ ಅನ್ನುವವರೂ ಇದ್ದಾರೆ.

ಉಕ್ಕಿಗೆ, ಗೊಬ್ಬರಕ್ಕೆ ಇದು ನಿಜವಾಗಿಯೂ ಬೇಕು. ಸಿಟ್ಟು ಬರೋದೂ ಅದಕ್ಕೇ. ಆರ್ಸೆಲರ್‌ಮಿತ್ತಲ್ ಕಂಪನಿ 2025ರ ಜೂನಿನಲ್ಲಿ ಜರ್ಮನಿಯ ಬ್ರೆಮೆನ್ ಮತ್ತು ಐಸೆನ್‌ಹ್ಯೂಟೆನ್‌ಸ್ಟಾಟ್ ಉಕ್ಕಿನ ಕಾರ್ಖಾನೆಗಳನ್ನು ಕಲ್ಲಿದ್ದಲಿನಿಂದ ಹೈಡ್ರೋಜನ್ ಕಡೆಗೆ ಬದಲಿಸುವ ಯೋಜನೆ ಬಿಟ್ಟಿತು. 130 ಕೋಟಿ ಯುರೋ ಸರ್ಕಾರಿ ಹಣ ಕಾದಿದ್ದರೂ ಬೇಡ ಅಂದಿತು. 2030ಕ್ಕೆ ಒಂದು ಕೋಟಿ ಟನ್ ಹಸಿರು ಹೈಡ್ರೋಜನ್ ತಯಾರಿಸುತ್ತೇವೆ, ಇನ್ನೊಂದು ಕೋಟಿ ಟನ್ ತರಿಸುತ್ತೇವೆ ಅಂದಿತ್ತು ಯುರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್. ಆ ಗುರಿಗೆ ಗಟ್ಟಿ ವಿಶ್ಲೇಷಣೆಯ ಆಧಾರವಿಲ್ಲ, ರಾಜಕೀಯ ಇಚ್ಛೆಯೇ ಆಧಾರ ಅಂತ 2024ರಲ್ಲಿ ಒಕ್ಕೂಟದ್ದೇ ಲೆಕ್ಕ ತಪಾಸಕರು ಹೇಳಿದರು. ಅಷ್ಟರಲ್ಲಿ ಎಷ್ಟೋ ಫೋಟೊ ಆಗಿಹೋಗಿತ್ತು. ಕುಲುಮೆಗಳಲ್ಲಿ ಕಲ್ಲಿದ್ದಲು ಉರಿಯುತ್ತಲೇ ಇದೆ. ಸುಮ್ನೆ ನಗೋಣ ಅಂದರೂ ಈಗ ಸಾಕಾಗಿದೆ.

ಮುಂದಿನ ಒಪ್ಪಂದಕ್ಕೆ ಮಂತ್ರಿಗಳು ಬರದಿದ್ದರೂ ನಡೆಯುತ್ತದೆ. ಅನಿಲ ಕೊಳ್ಳುವವನೊಬ್ಬನನ್ನು ಕರೆದುಕೊಂಡು ಬನ್ನಿ, ಮೊದಲ ಸಹಿ ಅವನದ್ದಾಗಲಿ.