ಹಸಿ ಪದಕ್ಕೆ ವಿರುದ್ಧ ಪದ ಯಾವುದು?

ಅಕ್ಕನ ಮಗಳು ನಾಲ್ಕನೇ ಕ್ಲಾಸು. ಹೋದ ಭಾನುವಾರ ಸುಮ್ನೆ ಅವಳ ಕನ್ನಡ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. 'ವಿರುದ್ಧ ಪದ ಬರೆಯಿರಿ' ಅಂತ ಹತ್ತು ಪದಗಳಿದ್ದವು. ಒಂಬತ್ತಕ್ಕೆ ರೈಟ್ ಮಾರ್ಕು. ಒಂದಕ್ಕೆ ಮಾತ್ರ ಕೆಂಪು ಇಂಕಿನಲ್ಲಿ ತಪ್ಪು ಗುರುತು.

ಹಸಿ × ಬೆಂದ

ಪಕ್ಕದಲ್ಲಿ ಮಿಸ್ 'ಒಣ' ಅಂತ ತಿದ್ದಿದ್ದರು. ಅದರ ಕೆಳಗೆ ಮಗು 'ಹಸಿ × ಒಣ' ಅಂತ ಐದು ಸಲ ಬರೆದಿತ್ತು. ಹಿಂದಿಯವರಿಗೆ ಶಿಕ್ಷಾ ಅಂದರೆ ವಿದ್ಯೆ, ನಮಗೆ ಶಿಕ್ಷೆ ಅಂದರೆ ದಂಡನೆ. ಇವಳಿಗೆ ಎರಡೂ ಒಟ್ಟಿಗೆ ಆಗಿತ್ತು.

"ಬೆಂದ ಅಂತ ಯಾಕೆ ಬರೆದೆ ಪುಟ್ಟಿ?" ಅಂತ ಕೇಳಿದೆ.

"ಅಜ್ಜಿ ಹೇಳ್ತಾಳಲ್ಲ ಮಾಮ, ಬೀನ್ಸ್ ಇನ್ನೂ ಹಸಿ ಇದೆ, ಬೆಂದಿಲ್ಲ ಅಂತ."

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು. "ಹಂಗಾದ್ರೆ ಹಸಿ ಹಾಲಿಗೆ ಒಣ ಹಾಲು ಅನ್ಬೇಕೇನೋ?"

ಅವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ. ಮೂರು ತಲೆಮಾರು ಕೂತು ಪಟ್ಟಿ ಮಾಡಿದೆವು. ಹಸಿ ಕಟ್ಟಿಗೆಗೆ ಒಣ ಕಟ್ಟಿಗೆ. ಹಸಿಮೆಣಸಿನಕಾಯಿಗೆ ಒಣಮೆಣಸಿನಕಾಯಿ. ಇಲ್ಲಿಯವರೆಗೆ ಮಿಸ್ ಗೆದ್ದರು. ಆಮೇಲೆ ಹಾಲು ಬಂತು, ಹಸಿ ಹಾಲಿಗೆ ಕಾಯಿಸಿದ ಹಾಲು. ಹಸಿ ತರಕಾರಿಗೆ ಬೆಂದ ತರಕಾರಿ. ಹಸಿ ಇಟ್ಟಿಗೆಗೆ ಸುಟ್ಟ ಇಟ್ಟಿಗೆ. ಹಸಿ ಕಡಲೆಕಾಯಿಗೆ ಹುರಿದ ಕಡಲೆಕಾಯಿ, ಬಸವನಗುಡಿ ಪರಿಷೆಯಲ್ಲಾದರೆ ಬೇಯಿಸಿದ್ದೂ ಸಿಗುತ್ತದೆ. ಹಸಿ ಗಾಯಕ್ಕೆ ಮಾಗಿದ ಗಾಯ. ಹಸಿ ಬಾಣಂತಿಗೆ? ಎಲ್ಲರೂ ಸುಮ್ಮನಾದೆವು. ಅದಕ್ಕೆ ವಿರುದ್ಧ ಪದವೇ ಇಲ್ಲ. ದಿನ ಕಳೆದ ಹಾಗೆ ಹಸಿತನ ತಾನಾಗಿ ಹೋಗುತ್ತದೆ, ಅಷ್ಟೇ.

ಎಂ.ಎ. ಓದುವಾಗ ನಮಗೆ ಭಾಷಾವಿಜ್ಞಾನದ ಒಂದು ಪೇಪರ್ ಇತ್ತು. ಅದರಲ್ಲಿ ಅರ್ಥದ ಬಗ್ಗೆ ಒಂದು ಅಧ್ಯಾಯ. ಅವತ್ತು ಅದನ್ನು ಉರು ಹೊಡೆದು ಪಾಸಾದೆ. ಅದು ನಿಜವಾಗಿ ತಲೆಗೆ ಹೋಗಿದ್ದು ಈ ಭಾನುವಾರ.

ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಸೊಸ್ಯೂರ್ ಅಂತ ಒಬ್ಬ ಮೇಷ್ಟ್ರು ಇದ್ದರು. 1913ರಲ್ಲಿ ತೀರಿಕೊಂಡರು. ಭಾಷೆಯ ಬಗ್ಗೆ ಮಾಡಿದ ಪಾಠಗಳನ್ನು ಅವರು ಪುಸ್ತಕ ಮಾಡಿರಲಿಲ್ಲ. ವಿದ್ಯಾರ್ಥಿಗಳು ಬರೆದುಕೊಂಡಿದ್ದ ನೋಟ್ಸ್ ಕಲೆಹಾಕಿ 1916ರಲ್ಲಿ ಅದನ್ನು ಅಚ್ಚು ಹಾಕಿಸಿದರು. (ನಮ್ಮ ಕ್ಲಾಸಿನ ನೋಟ್ಸ್ ಕಲೆಹಾಕಿದ್ದರೆ ಬರೀ ಕ್ಯಾಂಟೀನ್ ಲೆಕ್ಕ ಸಿಗುತ್ತಿತ್ತು.) ಅವರು ಹೇಳಿದ್ದರ ತಿರುಳು ಇಷ್ಟು: ಒಂದು ಪದದ ಬೆಲೆ ಅದರೊಳಗೇ ಇರುವುದಿಲ್ಲ. ಅಕ್ಕಪಕ್ಕದಲ್ಲಿ ಬೇರೆ ಯಾವ ಪದಗಳಿವೆ ಅನ್ನುವುದರಿಂದ ಅದು ಗೊತ್ತಾಗುತ್ತದೆ. ಅವರ ಉದಾಹರಣೆ ಕುರಿ. ಫ್ರೆಂಚಿನಲ್ಲಿ ಹೊಲದಲ್ಲಿ ಮೇಯುವ ಕುರಿಗೂ ತಟ್ಟೆಗೆ ಬಂದ ಕುರಿಗೂ ಒಂದೇ ಪದ. ಇಂಗ್ಲಿಷಿನಲ್ಲಿ ಹೊಲದಲ್ಲಿ ಶೀಪ್, ತಟ್ಟೆಯಲ್ಲಿ ಮಟನ್. ಹಾಗಾಗಿ ಫ್ರೆಂಚ್ ಪದಕ್ಕೂ ಶೀಪ್‌ಗೂ ಒಂದೇ ಬೆಲೆ ಅನ್ನಲು ಆಗುವುದಿಲ್ಲ.

ನಮಗೆ ಕುರಿವರೆಗೆ ಹೋಗುವುದೇ ಬೇಡ. ಭತ್ತ, ಅಕ್ಕಿ, ಅನ್ನ ಸಾಕು. ಇಂಗ್ಲಿಷಿನವರು ಅಕ್ಕಿಗೂ ಅನ್ನಕ್ಕೂ ರೈಸ್ ಅಂದು ಮುಗಿಸುತ್ತಾರೆ. ನಮ್ಮಲ್ಲಿ ಮದುವೆಮನೆ ಪಂಕ್ತಿಯಲ್ಲಿ ಬಂದು "ಇನ್ನೊಂಚೂರು ಅಕ್ಕಿ ಹಾಕ್ಲಾ?" ಅಂತ ಯಾರಾದರೂ ಕೇಳಿದರೆ ಏನಾಗುತ್ತದೆ ಯೋಚಿಸಿ. ಅಕ್ಕಿ ಅಂದರೆ ಏನು ಅಂತ ನನ್ನನ್ನು ಕೇಳಿದರೆ, ಸಿಪ್ಪೆ ಹೋಗಿದೆ, ಇನ್ನೂ ಬೆಂದಿಲ್ಲ ಅಂತಲೇ ಶುರು ಮಾಡಬೇಕು. ಆ ಕಡೆ ಭತ್ತ, ಈ ಕಡೆ ಅನ್ನ, ನಡುವಿನ ಜಾಗ ಅಕ್ಕಿಯದು.

ಹಸಿಯ ಕಥೆಯೂ ಹೀಗೇ. ಅದು ಒಂದೊಂದು ನೆರೆಹೊರೆಯಲ್ಲಿ ಒಂದೊಂದು ಪದದ ಎದುರು ನಿಲ್ಲುತ್ತದೆ. ಸೌದೆ ಡಿಪೋದಲ್ಲಿ ಒಣಗಿದ್ದರ ಎದುರು, ಒಲೆಯ ಮೇಲೆ ಬೆಂದದ್ದರ ಎದುರು, ಇಟ್ಟಿಗೆ ಗೂಡಿನಲ್ಲಿ ಸುಟ್ಟದ್ದರ ಎದುರು. ಒಂಟಿಯಾಗಿ 'ಹಸಿ' ಅಂತ ಬರೆದು ಮುಂದೆ ಗುಣಾಕಾರದ ಗುರುತು ಹಾಕಿ ಮಗುವಿನ ಕೈಗೆ ಕೊಟ್ಟರೆ, ಅದು ತನಗೆ ಗೊತ್ತಿರುವ ನೆರೆಹೊರೆಗೇ ಹೋಗುತ್ತದೆ ಅಲ್ವಾ? ಇವಳು ಸೌದೆ ನೋಡಿಲ್ಲ. ಅಜ್ಜಿಯ ಬೀನ್ಸ್ ನೋಡಿದ್ದಾಳೆ.

ಅದೂ ಅಲ್ಲದೆ ವಿರುದ್ಧ ಅನ್ನುವುದೇನು ಒಂದೇ ಥರವೇ? ಬಿಸಿಗೂ ತಣ್ಣಗೂ ನಡುವೆ ಉಗುರುಬೆಚ್ಚಗೆ ಇದೆ. ಹುಟ್ಟು ಸಾವಿನ ಹಾಗೆ ಅತ್ತೆ ಸೊಸೆಯನ್ನೂ ಒಂದೇ ಪಟ್ಟಿಯಲ್ಲಿ ಹಾಕುವವರಿದ್ದಾರೆ. ಅವರಿಬ್ಬರು ವಿರುದ್ಧ ಪದವೋ ಅಲ್ಲವೋ ಅನ್ನುವುದನ್ನು ಆಯಾ ಮನೆಯವರೇ ಹೇಳಬೇಕು.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 'ಪದಗಳ ಅರ್ಥ' ಇತ್ತು. ನೀರು = ಜಲ. ನನಗೆ ಗುಣಾಕಾರದ ಗುರುತಿಗಿಂತ ಈ ಸಮ ಚಿಹ್ನೆಯ ಮೇಲೆ ಸಿಟ್ಟು ಜಾಸ್ತಿ. ಸಮ ಅಂದಮೇಲೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಬರಬೇಕು. ಬಿಸಿಲಲ್ಲಿ ಬಂದವನು "ಒಂದು ಲೋಟ ಜಲ ಕೊಡಿ ಅಮ್ಮಾ" ಅಂದರೆ ನಾಟಕದ ಕಂಪನಿಯಿಂದ ತಪ್ಪಿಸಿಕೊಂಡು ಬಂದವನು ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಇರುವುದು ಜಲಮಂಡಳಿ, ಹಳ್ಳಿಯಲ್ಲಿ ನೀರು ಬಿಡುವವನು ನೀರುಗಂಟಿ. ಅದಲು ಬದಲು ಮಾಡಿ ನೋಡಿ, ಎರಡೂ ಕೆಡುತ್ತವೆ. ತೀರ್ಥವೂ ನೀರೇ. ಆದರೆ ಅದನ್ನು ಲೋಟದಲ್ಲಿ ಕೇಳುವವನು ಪೂಜೆಗೆ ಬಂದವನಲ್ಲ ಅಂತ ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು.

ಈ ಸಮ ಚಿಹ್ನೆ ದೊಡ್ಡವರಿಗೂ ನಿದ್ದೆ ಕೆಡಿಸಿದೆ. ಜರ್ಮನಿಯ ಗಣಿತಜ್ಞ ಫ್ರೆಗೆ 1892ರಲ್ಲಿ ಬರೆದ ಒಂದು ಪ್ರಸಿದ್ಧ ಲೇಖನ ಶುರುವಾಗುವುದೇ ಈ ಪ್ರಶ್ನೆಯಿಂದ. ಬೆಳಗಿನ ನಕ್ಷತ್ರವೂ ಸಂಜೆಯ ನಕ್ಷತ್ರವೂ ಒಂದೇ, ಶುಕ್ರಗ್ರಹ. ಹಾಗಿದ್ದರೂ 'ಬೆಳಗಿನ ನಕ್ಷತ್ರವೇ ಸಂಜೆಯ ನಕ್ಷತ್ರ' ಅಂದಾಗ ನಮಗೆ ಹೊಸ ವಿಷಯ ಗೊತ್ತಾಗುತ್ತದೆ. 'ಬೆಳಗಿನ ನಕ್ಷತ್ರವೇ ಬೆಳಗಿನ ನಕ್ಷತ್ರ' ಅಂದರೆ ಏನೂ ಗೊತ್ತಾಗುವುದಿಲ್ಲ. ಅಂದರೆ ಪದ ತೋರಿಸುವ ವಸ್ತು ಬೇರೆ, ಅದನ್ನು ತೋರಿಸುವ ರೀತಿ ಬೇರೆ. ನಮ್ಮ ಹಳ್ಳಿಯವರು ಅದೇ ಶುಕ್ರನನ್ನು ಬೆಳ್ಳಿ ಅನ್ನುತ್ತಾರೆ. ಬೆಳ್ಳಿ ಮೂಡಿತು ಅಂದರೆ ಏಳುವ ಹೊತ್ತಾಯಿತು ಅಂತ. ಆಕಾಶದಲ್ಲಿ ಬೆಳ್ಳಿಯೂ ಅದೇ, ಶುಕ್ರನೂ ಅದೇ. ಆದರೆ ಹೊಸ ಕಾರು ತಗೊಂಡ ಪಕ್ಕದ ಮನೆಯವನಿಗೆ ಶುಕ್ರದೆಸೆ ಶುರುವಾಗುತ್ತದೆಯೇ ಹೊರತು ಬೆಳ್ಳಿದೆಸೆ ಅಲ್ಲ.

ಮತ್ತೆ ಹಸಿಗೆ ಬರುತ್ತೇನೆ. ಪುಟ್ಟಿಗೆ ಅಷ್ಟೊತ್ತಿಗೆ ಹುಮ್ಮಸ್ಸು ಬಂದಿತ್ತು. "ಹಸಿ ಅಂದ್ರೆ ಹೊಟ್ಟೆ ಹಸಿಯೋದೂ ಹೌದಲ್ವಾ? ಅದಕ್ಕೆ ವಿರುದ್ಧ ಊಟ!" ಅಂದಳು. ಒಳ್ಳೆಯ ಉತ್ತರ, ಆದರೆ ಅದು ಬೇರೆಯದೇ ಪದ. 'ಹಸಿದು ಹಲಸು ತಿನ್ನು, ಉಂಡು ಮಾವು ತಿನ್ನು' ಅನ್ನುವ ಗಾದೆಯ ಹಸಿಗೂ ಹಸಿ ಕಟ್ಟಿಗೆಗೂ ನಂಟಿಲ್ಲ. ರೂಪ ಒಂದೇ ಆಗಿಬಿಟ್ಟಿದೆ, ಅಷ್ಟೇ. ಒಂದೇ ಹೆಸರಿನ ಇಬ್ಬರು ಮಕ್ಕಳು ಒಂದೇ ಕ್ಲಾಸಿನಲ್ಲಿ ಇದ್ದ ಹಾಗೆ. ನಿಘಂಟಿನಲ್ಲಿ ಇಂಥವನ್ನು ಬೇರೆ ಬೇರೆ ನಮೂದು ಮಾಡುತ್ತಾರೆ. ಹಸಿ ಹಾಲು, ಹಸಿ ಗಾಯ, ಹಸಿ ಇಟ್ಟಿಗೆ ಮಾತ್ರ ಒಂದೇ ತಾಯಿಯ ಮಕ್ಕಳು.

ಆ ಮನೆತನವೂ ದೊಡ್ಡದು. ಹಸಿರು ಅದೇ ಬೇರಿನದು. ಹಳಗನ್ನಡದಲ್ಲಿ ಪಸಿ, ಪಸುರ್. ತಮಿಳಿನ ಪಚ್ಚೈ ಇವತ್ತಿಗೂ ಹಸಿರು, ಹಸಿ ಎರಡನ್ನೂ ಹೇಳುತ್ತದೆ. ಅಜ್ಜಿಯಂದಿರ ಕೈಮೇಲಿನ ಹಚ್ಚೆ ಕೂಡ ಈ ಪಚ್ಚೆಯೇ, ಬಣ್ಣದಿಂದ ಬಂದ ಹೆಸರು. ಅಮ್ಮ ಇದನ್ನು ಕೇಳಿ ತನ್ನ ಮೊಣಕೈ ಹತ್ತಿರದ ಹಚ್ಚೆಯನ್ನು ಎರಡು ಸಲ ತಿರುಗಿಸಿ ನೋಡಿಕೊಂಡಳು.

ಸಂಜೆ ಭಾವ ಬಂದರು. ಪಟ್ಟಿ ನೋಡಿ "ಹಸಿ ಸುಳ್ಳು ಬಿಟ್ಟಿದ್ದೀರಲ್ಲ" ಅಂದರು. ಅಲ್ಲಿ ಎಲ್ಲರೂ ಸೋತೆವು. ಒಣ ಸುಳ್ಳು ಇಲ್ಲ, ಬೆಂದ ಸುಳ್ಳು ಇಲ್ಲ. "ಅಪ್ಪಟ ನಿಜ" ಅಂದರು ಭಾವ. ಅದು ಸುಳ್ಳಿನ ವಿರುದ್ಧವಾಯಿತು, ಹಸಿಯದಲ್ಲ. ತಮಾಷೆ ಏನೆಂದರೆ ತಮಿಳರ ಸುಳ್ಳೂ ಹಸಿ, ಪಚ್ಚೈ ಪೊಯ್. ತೆಲುಗರದು ಪಚ್ಚಿ ಅಬದ್ಧಂ, ಮಲಯಾಳಿಗಳದು ಪಚ್ಚಕ್ಕಳ್ಳಂ. ನೀರಿಗಾಗಿ ಎಷ್ಟೇ ಕಿತ್ತಾಡಿದರೂ ಸುಳ್ಳನ್ನು ಯಾರೂ ಬೇಯಿಸಿಲ್ಲ. "ಬೇಯಿಸೋಕೆ ಪುರುಸೊತ್ತಿಲ್ದೆ ಹೇಳೋ ಸುಳ್ಳು ಅದು" ಅಂತ ಅಮ್ಮ ತೀರ್ಪು ಕೊಟ್ಟಳು. ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಹತ್ತಿರ ಇಲ್ಲ.

ಮಿಸ್ ಮೇಲೆ ನನಗೆ ಕೋಪವಿಲ್ಲ. ಅವರನ್ನು ಕಂಡು ಮಾತಾಡಿಸಿದೆ ಕೂಡ. "ನೀವು ಹೇಳೋದು ಸರಿ ಸರ್, ಆದ್ರೆ ನಲವತ್ತು ನೋಟ್‌ಬುಕ್ ತಿದ್ದಬೇಕು, ಮಾದರಿ ಉತ್ತರ ಪತ್ರಿಕೆಯಲ್ಲಿ ಒಂದೇ ಉತ್ತರ ಇರುತ್ತೆ" ಅಂದರು. ಅವರ ಕಷ್ಟ ಅವರಿಗೆ. ನಾನು ಕೇಳಿದ್ದು ಒಂದೇ. 'ಹಸಿ × ____' ಅಂತ ಕೊಡುವ ಬದಲು 'ಹಸಿ ಹಾಲು × ____' ಅಂತ ಕೊಡಿ. ಪಕ್ಕದಲ್ಲಿ ಒಂದು ಪದ ಇದ್ದರೆ ಸಾಕು, ಮಗು ದಾರಿ ತಪ್ಪುವುದಿಲ್ಲ, ಮಿಸ್‌ಗೂ ತಿದ್ದುವುದು ಸುಲಭ. ನೋಡೋಣ ಸರ್ ಅಂದರು. 'ನೋಡೋಣ' ಅಂದರೆ ಏನರ್ಥ ಅಂತ ನಿಮಗೆ ಗೊತ್ತಲ್ಲ.

ಈ ಶನಿವಾರ ಟೆಸ್ಟ್ ಇತ್ತು. ಹಸಿ ಮತ್ತೆ ಬಂದಿತ್ತಂತೆ, ಒಂಟಿಯಾಗಿಯೇ. ಪುಟ್ಟಿ 'ಒಣ' ಅಂತ ಬರೆದು ಪೂರ್ತಿ ಮಾರ್ಕ್ಸ್ ತಗೊಂಡು ಬಂದಳು. ಅಜ್ಜಿಗೆ ಬೇಜಾರಾಗಬಾರದು ಅಂತ ಅಡುಗೆಮನೆಗೆ ಹೋಗಿ ಮೆಲ್ಲಗೆ ಹೇಳಿದಳು.

"ಅಜ್ಜಿ, ಮಿಸ್‌ಗೆ ಒಣ. ನಿಂಗೆ ಬೆಂದ."