ಅಟ್ಟದಿಂದ ಇಳಿದ ಅರಮನೆ ಬಾಟಲಿ

ಮೈಸೂರಿನಲ್ಲಿ ‘ವೈನ್ಸ್’ ಅಂತ ಬೋರ್ಡ್ ಹಾಕಿದ ಅಂಗಡಿಗೆ ಹೋಗಿ ವೈನ್ ಕೇಳಿ ನೋಡಿ. ಕೌಂಟರ್ ಹುಡುಗ ನಿಮ್ಮನ್ನು ಮೇಲಿಂದ ಕೆಳಗೆ ಒಂದು ಸಲ ನೋಡುತ್ತಾನೆ. ಒಳಗೆ ಹೋಗಿ, ಧೂಳು ಒರೆಸಿಕೊಂಡು ಒಂದೇ ಒಂದು ಬಾಟಲಿ ತರುತ್ತಾನೆ. ‘ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಸಾರ್?’ ಅಂತ ಕೇಳಿದರೂ ಕೇಳಿದನೇ. ದ್ರಾಕ್ಷಿಯಿಂದ ಮಾಡಿದ್ದು ಅಂದರೆ ನಮ್ಮೂರಿಗೆ ಚೆನ್ನಾಗಿ ಗೊತ್ತಿರುವುದು ದ್ರಾಕ್ಷಾರಿಷ್ಟ. ಊಟ ಸೇರದವರಿಗೆ ದಿನಕ್ಕೆ ಎರಡು ಚಮಚ.

ಇಂಥ ಊರಿನಲ್ಲಿ ಹಳೇ ವೈನ್ ಬಾಟಲಿಯೊಂದು ಅಸಲಿಯೋ ನಕಲಿಯೋ ಅಂತ ತೀರ್ಮಾನಿಸಲು ಸಮಿತಿ ಸೇರಿತು. ಏಳು ಜನ. ಅದರಲ್ಲಿ ವೈನ್ ಕುಡಿದವರು ಸೊನ್ನೆ.

ಬಾಟಲಿ ನಮ್ಮ ಸೋದರಮಾವನದು. ಅಗ್ರಹಾರದ ಹಳೇ ಮನೆ ಮಾರುವ ಮುಂಚೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿತು. ಉಪ್ಪಿನಕಾಯಿ ಭರಣಿ, ಕಾಲು ಮುರಿದ ತೊಟ್ಟಿಲು, ಹಳೇ ಪಂಚಾಂಗಗಳ ಗಂಟು, ಇವುಗಳ ನಡುವೆ ನೆಟ್ಟಗೆ ನಿಂತಿತ್ತು. ಕಪ್ಪು ಹಸಿರು ಗಾಜು, ಹರಿದ ಲೇಬಲ್, ಅದರಲ್ಲಿ ಕೋಟೆಯಂಥ ಮನೆಯ ಚಿತ್ರ. ಕೆಳಗೆ ದಪ್ಪಕ್ಕೆ 1921. ಮಾವನ ತಾತ ಅರಮನೆ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಇನ್ನೇನು ಬೇಕು?

‘ಲೋ, ಇದು ಅರಮನೇದು ಕಣೋ. ನಾಲ್ವಡಿಯವರ ಕಾಲದ್ದು’ ಅಂದರು ಮಾವ. ಹೊರಗಿನ ಕಾಫಿಯನ್ನೂ ಮುಟ್ಟದ ಮನುಷ್ಯ ಅವತ್ತು ಬಾಟಲಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಮೆಟ್ಟಿಲಿಳಿದರು.

ಸಾಯಂಕಾಲದ ಹೊತ್ತಿಗೆ ಬೀದಿಯೆಲ್ಲ ಸುದ್ದಿ. ಮೂರನೇ ದಿನಕ್ಕೆ ಸಮಿತಿ. ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರು, ಒಬ್ಬರು ಆಡಿಟರ್, ಪ್ರತಿ ಮಾತನ್ನೂ ‘ಮಹಾರಾಜರು’ ಅಂತಲೇ ಶುರು ಮಾಡುವ ಇತಿಹಾಸಪ್ರಿಯರು, ಒಬ್ಬರು ಮಾಜಿ ಕಾರ್ಪೊರೇಟರ್, ರಿಟೈರ್ಡ್ ಪೋಸ್ಟ್‌ಮಾಸ್ಟರ್, ವಡೆ-ಕಾಫಿಯ ಹೊಣೆ ಹೊತ್ತ ಕಲ್ಯಾಣ ಮಂಟಪದ ಯಜಮಾನರು, ನಡಾವಳಿ ಬರೆಯಲು ನಾನು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಕುಸಿದು ಬಿದ್ದ ಮೇಲೆ, ಉಳಿದದ್ದನ್ನು ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಬಾಟಲಿಯ ವಿಷಯಕ್ಕೆ ಒಂದು ಪ್ಲೇಟ್ ವಡೆ ಸಾಕಾಯಿತು. ನಿರ್ಣಯ ಹೀಗೆ: ಅರಮನೆ ಅಸಲಿ. ಗುಮಾಸ್ತರು ಅಸಲಿ. ಆದ್ದರಿಂದ ಬಾಟಲಿಯೂ ಅಸಲಿ.

ನಮ್ಮೂರಿನವರು ದಡ್ಡರು ಅಂದುಕೊಳ್ಳಬೇಡಿ. ನಂಜನಗೂಡು ರಸಬಾಳೆ ಅಂತ ಬೇರೆ ಹಣ್ಣು ಕೊಟ್ಟರೆ ಮೂಗಿನಲ್ಲೇ ಹಿಡಿಯುತ್ತಾರೆ. ರೇಷ್ಮೆ ಸೀರೆ ತಗೊಂಡರೆ ಮೊದಲು ಹೊಲೊಗ್ರಾಂ ಎಲ್ಲಿ ಅಂತ ಹುಡುಕುತ್ತಾರೆ. ನಮ್ಮತ್ತೆ ತುಪ್ಪವನ್ನು ಅಂಗೈಗೆ ಉಜ್ಜಿ ಮೂಸಿ, ಡಾಲ್ಡಾ ಬೆರೆಸಿದವನ ಕುಲಗೋತ್ರ ಹೇಳಬಲ್ಲರು. ಆದರೆ ‘ಅರಮನೇದು’ ಅಂದುಬಿಟ್ಟರೆ ಮೂಗು, ಕಣ್ಣು, ಅಂಗೈ ಎಲ್ಲಕ್ಕೂ ಸರ್ಕಾರಿ ರಜೆ. ಅರಮನೆ ಕುರ್ಚಿ, ಅರಮನೆ ಗಡಿಯಾರ, ಅರಮನೆ ಅಡುಗೆಭಟ್ಟರ ಮೊಮ್ಮಗನ ಪುಳಿಯೋಗರೆ ಗೊಜ್ಜು. ಊರಲ್ಲಿರುವ ಅರಮನೆ ಕುರ್ಚಿಗಳನ್ನೆಲ್ಲ ವಾಪಸ್ ತಂದರೆ ದರ್ಬಾರ್ ಹಾಲ್‌ನಲ್ಲಿ ಮಹಾರಾಜರಿಗೇ ನಿಲ್ಲಲು ಜಾಗ ಇರುತ್ತಿರಲಿಲ್ಲ.

ನಗುವ ಮೊದಲು ಇದನ್ನೂ ಕೇಳಿ. 1985ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರದು ಅನ್ನಲಾದ, ಲಫೀತ್ ಎಂಬ ಫ್ರೆಂಚ್ ವೈನಿನ ಬಾಟಲಿಯೊಂದು 1,05,000 ಪೌಂಡಿಗೆ ಹೋಯಿತು. ಗಾಜಿನ ಮೇಲೆ ‘ಟಿಎಚ್.ಜೆ.’ ಅಂತ ಕೊರೆದಿತ್ತು. ಅಂದರೆ ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್‌ದು ಅಂತ. ಮಾರಿದ್ದು ಜರ್ಮನಿಯ ಹಾರ್ಡಿ ರೋಡೆನ್‌ಸ್ಟಾಕ್. ಪ್ಯಾರಿಸ್ಸಿನ ಹಳೇ ಮನೆಯೊಂದರ ಗೋಡೆ ಹಿಂದೆ ಸಿಕ್ಕಿತು ಅಂದರು. ಯಾವ ಮನೆ? ಕೊನೆಗೂ ಹೇಳಲಿಲ್ಲ. ನಮ್ಮ ಮಾವ ಮನೆಯ ವಿಳಾಸವನ್ನಾದರೂ ಹೇಳುತ್ತಾರೆ. ಅಂಥವೇ ನಾಲ್ಕು ಬಾಟಲಿ ಕೊಂಡಿದ್ದ ಬಿಲ್ ಕೋಕ್ ಎಂಬ ಕೋಟ್ಯಧಿಪತಿ ಆಮೇಲೆ ತನಿಖೆ ಮಾಡಿಸಿದರು. ಆ ಅಕ್ಷರಗಳನ್ನು ಕೊರೆದದ್ದು ಕರೆಂಟಿನ ಉಪಕರಣದಲ್ಲಿ, ಹಲ್ಲಿನ ಡಾಕ್ಟರ ಡ್ರಿಲ್ ಥರದ್ದರಲ್ಲಿ ಅಂತ ತಜ್ಞರು ಹೇಳಿದರು. 1787ರಲ್ಲಿ ಕರೆಂಟು! ಲಂಡನ್ನಿನಲ್ಲಿ ಹರಾಜಾದ ಆ ಮೊದಲ ಬಾಟಲಿಯನ್ನು ಕೊಂಡ ಫೋರ್ಬ್ಸ್ ಕುಟುಂಬದವರು ಅದನ್ನು ದೀಪದ ಕೆಳಗೆ ಪ್ರದರ್ಶನಕ್ಕಿಟ್ಟರು. ದೀಪದ ಬಿಸಿಗೆ ಕಾರ್ಕ್ ಒಣಗಿ ಒಳಕ್ಕೇ ಜಾರಿತು.

ಇನ್ನೊಬ್ಬ ರೂಡಿ ಕುರ್ನಿಯಾವನ್. ಅಮೆರಿಕದಲ್ಲಿ ಕೂತು ಮನೆಯಲ್ಲೇ ವೈನ್ ಬೆರೆಸಿ ಹಳೇ ಲೇಬಲ್ ಅಂಟಿಸುತ್ತಿದ್ದ. ಹೋಟೆಲ್‌ಗಳಿಂದ ದುಬಾರಿ ವೈನಿನ ಖಾಲಿ ಬಾಟಲಿಗಳನ್ನು ಕೇಳಿ ತರಿಸಿಕೊಳ್ಳುತ್ತಿದ್ದ. ಫ್ರಾನ್ಸಿನ ಪೊನ್ಸೋ ಮನೆತನದ ಕ್ಲೋ ಸೇಂಟ್ ಡೆನಿ ವೈನನ್ನು 1945ರಿಂದ 1971ರವರೆಗಿನ ಇಸವಿ ಹಾಕಿ ಹರಾಜಿಗಿಟ್ಟ. ಪೊನ್ಸೋ ಮನೆಯವರು ಆ ವೈನ್ ಮಾಡಲು ಶುರು ಮಾಡಿದ್ದೇ 1982ರಲ್ಲಿ. ಮನೆಯ ಯಜಮಾನರೇ ವಿಮಾನ ಹತ್ತಿ ನ್ಯೂಯಾರ್ಕಿಗೆ ಬಂದು ‘ಇದು ನಮ್ಮದಲ್ಲ’ ಅನ್ನಬೇಕಾಯಿತು. ಅವನಿಗೆ 2014ರಲ್ಲಿ ಹತ್ತು ವರ್ಷ ಜೈಲಾಯಿತು. ಕುಡಿದವರು ಮಾತ್ರ ಅಲ್ಲಿಯತನಕ ಆಹಾ ಅಂದಿದ್ದೇ ಅಂದಿದ್ದು.

ನಮ್ಮ ಸಮಿತಿಗೆ ಹುಳಿ ಹಿಂಡಿದ್ದು ನನ್ನ ಅಕ್ಕನ ಮಗಳು. ಬೆಂಗಳೂರಿನ ಹೋಟೆಲ್ಲೊಂದರಲ್ಲಿ ವೈನ್ ಆರಿಸಿಕೊಡುವುದೇ ಅವಳ ಕೆಲಸ. ‘ಕೊಡಿ ತಾತ, ಸ್ವಲ್ಪ ನೋಡ್ತೀನಿ’ ಅಂತ ಬಾಟಲಿ ತಗೊಂಡು ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿದಳು. ವೈನ್ ಬಾಟಲಿಯ ಹೆಗಲಿಗಿಂತ ಎಷ್ಟೋ ಕೆಳಗಿತ್ತು. ಬಣ್ಣ ಇಟ್ಟಿಗೆಯನ್ನೂ ದಾಟಿ ಕಷಾಯಕ್ಕೆ ಬಂದಿತ್ತು.

‘ತಳದಲ್ಲಿ ಗಸಿ ಇದ್ರೆ ಹೆದರಬೇಕಿಲ್ಲ, ಹಳೇ ಕೆಂಪು ವೈನಲ್ಲಿ ಅದು ಇರೋದೇ. ನೂರು ವರ್ಷದ್ದು ಅಂತ ಹೇಳಿ ಕುತ್ತಿಗೆವರೆಗೂ ತುಂಬಿದ್ರೆ ಆಗ ಅನುಮಾನ ಪಡಬೇಕು. ಇದು ಉಲ್ಟಾ, ಇಷ್ಟು ಇಳಿದಿದೆ ಅಂದ್ರೆ ಒಳಗೆ ಗಾಳಿ ಹೋಗಿದೆ. ಮಲಗಿಸಿ ಇಡಬೇಕು ತಾತ, ಕತ್ತಲಲ್ಲಿ, ಹನ್ನೆರಡು-ಹದಿಮೂರು ಡಿಗ್ರೀಲಿ. ನಿಲ್ಲಿಸಿದ್ರೆ ಕಾರ್ಕ್ ಒಣಗಿಹೋಗುತ್ತೆ.’

ಹೆಂಚಿನ ಕೆಳಗಿನ ಅಟ್ಟದಲ್ಲಿ ಅದು ಎಷ್ಟು ಬೇಸಿಗೆ ನಿಂತೇ ಕಳೆದಿತ್ತೋ. ‘ಅಸಲಿಯೋ ಅಲ್ವೋ ಆಮೇಲೆ ನೋಡೋಣ. ಕುಡಿಯೋಕಂತೂ ಆಗಲ್ಲ’ ಅಂದಳು.

‘ಕುಡಿಯೋದು ಯಾರಮ್ಮ?’ ಅಂತ ಮಾವನಿಗೆ ಗಾಬರಿ. ಬಿರಡೆ ತೆಗೆದರೆ ಬೆಲೆ ಹೋಯಿತು. ತೆಗೆಯದಿದ್ದರೆ ಒಳಗೇನಿದೆ ಅಂತ ತಿಳಿಯದು. ಆಡಿಟರ್‌ಗೆ ಈ ಏರ್ಪಾಡು ಬಹಳ ಹಿಡಿಸಿತು.

ಅವಳು ಸುಮ್ಮನಾಗಲಿಲ್ಲ. ಮೂಲೆ ಅಂಗಡಿಯಿಂದ ಖೋಟಾ ನೋಟು ಹಿಡಿಯುವ ನೀಲಿ ದೀಪ ತಂದು ಲೇಬಲ್ ಮೇಲೆ ಬಿಟ್ಟಳು. ಕಾಗದ ಆಗತಾನೇ ನೀಲಿ ಅದ್ದಿದ ಬಿಳಿ ಪಂಚೆಯ ಹಾಗೆ ಫಳ್ ಅಂತ ಹೊಳೆಯಿತು. ಹೀಗೆ ಹೊಳೆಸುವ ಬಿಳುಪಿನ ರಾಸಾಯನಿಕ ಕಾಗದಕ್ಕೆ ಸೇರಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1921ರ ಕಾಗದ ಮಂಕಾಗಿಯೇ ಇರಬೇಕು. ಕೆಮಿಸ್ಟ್ರಿ ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಇತಿಹಾಸಪ್ರಿಯರು 1921ರ ಹಿಂದೆ ಮೂರು ಇಂಗ್ಲಿಷ್ ಅಕ್ಷರ ಕಂಡುಹಿಡಿದರು. ‘ಎಸ್‌ಟಿಡಿ 1921. ನೋಡಿದ್ರಾ? ಮಹಾರಾಜರು ಆಗಲೇ ಎಸ್‌ಟಿಡಿ ತರಿಸಿದ್ರು!’

‘ನಮ್ಮೂರಿಂದು 0821 ಅಲ್ವಾ?’ ಅಂದರು ಮಂಟಪದ ಯಜಮಾನರು.

ಮೊದಲಿನ ‘ಇ’ ಹರಿದು ಹೋಗಿತ್ತು. ಅದು ‘ಎಸ್ಟಾಬ್ಲಿಷ್ಡ್’ ಅನ್ನುವುದರ ಮೋಟು ರೂಪ. 1921 ಕಂಪನಿ ಹುಟ್ಟಿದ ವರ್ಷ, ವೈನಿನದಲ್ಲ. ಇದನ್ನು ಬಿಡಿಸಿ ಹೇಳಿದರೂ ಯಾರೂ ಒಪ್ಪಲಿಲ್ಲ. ಕೊನೆಗೆ, ಅಲ್ಲಿಯತನಕ ವಡೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದ ಪೋಸ್ಟ್‌ಮಾಸ್ಟರ್ ಹಿಂದಿನ ಲೇಬಲ್ ಮೇಲೆ ಬೆರಳಿಟ್ಟರು. ‘ಬಾಂಬೆ, 400 001. ಸ್ವಾಮಿ, ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ನಾನೇ ಊರಿಗೆಲ್ಲ ಹೇಳಿಕೊಟ್ಟಿದ್ದೀನಿ.’

ಯಾರೂ ಉಸಿರೆತ್ತಲಿಲ್ಲ. ಮಾಜಿ ಕಾರ್ಪೊರೇಟರ್ ಗಂಟಲು ಸರಿ ಮಾಡಿಕೊಂಡರು. ಸನ್ಮಾನಕ್ಕೆ ಹಾಲ್ ಬುಕ್ ಆಗಿದೆ, ಪೇಟಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಬ್ಯಾನರಿನಲ್ಲಿ ಅವರ ಫೋಟೋ ದೊಡ್ಡದಾಗಿ ಬಂದಿದೆ. ನಡಾವಳಿಗೆ ಒಂದು ಸಾಲು ಸೇರಿತು: ‘ಲೇಬಲ್‌ಗಳು ತರುವಾಯ ಅಂಟಿಸಿದವು. ವೈನ್ ಅರಮನೆಯದೇ.’ ಬರೆದದ್ದು ನಾನೇ. ಮಾವನ ಮಾತು ಮೀರುವುದು ಹೇಗೆ?

ಸನ್ಮಾನ ಆಯಿತು. ಪೇಟ, ಶಾಲು, ಹಣ್ಣಿನ ತಟ್ಟೆ, ಲ್ಯಾಮಿನೇಷನ್ ಮಾಡಿದ ಪ್ರಮಾಣಪತ್ರ. ದಸರಾದಲ್ಲಿ ಬಾಟಲಿಯನ್ನು ಗೊಂಬೆಗಳ ಜೊತೆ ಮೇಲಿನ ಮೆಟ್ಟಿಲಿಗೇ ಏರಿಸಿದರು, ಪಟ್ಟದ ಗೊಂಬೆಗಳ ಪಕ್ಕಕ್ಕೆ. ನೆತ್ತಿಗೆ ಸರಿಯಾಗಿ ನೂರು ವಾಟಿನ ಬಲ್ಬು. ಫೋರ್ಬ್ಸ್ ಕುಟುಂಬದ ಕಥೆ ಹೇಳಿದೆ. ‘ಅದು ಅಮೆರಿಕ ಕಣೋ’ ಅಂದರು ಮಾವ.

ನಾಲ್ಕನೇ ದಿನ ಸಂಜೆ ಆರತಿ ಹೊತ್ತಿಗೆ ಬುಳಕ್ ಅಂತ ಸದ್ದಾಯಿತು. ಕಾರ್ಕ್ ಒಳಗೆ. ಅತ್ತೆ ಮೂಗು ಹತ್ತಿರ ತಂದು ಒಂದೇ ಸಲ ಮೂಸಿದರು. ‘ರೀ, ಇದು ಹುಳಿ ಬಂದು ಎಷ್ಟು ಕಾಲ ಆಯ್ತೋ!’ ಅಂತ ಸೀದಾ ಹಿತ್ತಲಿಗೆ ಒಯ್ದರು. ಹಿತ್ತಾಳೆ ದೀಪದ ಕಂಬಗಳನ್ನೆಲ್ಲ ಅದರಲ್ಲೇ ಉಜ್ಜಿದರು. ಹುಣಸೆಹಣ್ಣಿಗಿಂತ ಚೆನ್ನಾಗಿ ಬೆಳಗುತ್ತೆ, ಇನ್ನೊಂದು ಬಾಟಲಿ ಇದ್ಯಾ ಅಂತ ಆಮೇಲೆ ಕೇಳಿದರು.

ಮಾವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನ್ ಮಾಡಿದರು, ದನಿಯಲ್ಲಿ ಹುರುಪಿತ್ತು. ಯಾರೋ ಬೆಂಗಳೂರಿನವರು ವಿಚಾರಿಸಿದ್ದಾರಂತೆ. ಖಾಲಿ ಬಾಟಲಿ ಆದರೂ ಪರವಾಗಿಲ್ಲವಂತೆ, ಪ್ರಮಾಣಪತ್ರ ಮಾತ್ರ ಜೊತೆಗೆ ಬೇಕಂತೆ.